ಕೆಂಪು ಗೆರೆಯ ಕೆಳಗಿನ ಹೆಸರು

"ರಿಜಿಸ್ಟರ್ ತಂದಿದ್ದಾರಾ?" ಎಂದು ನ್ಯಾಯಾಧೀಶೆ ಕೇಳಿದಾಗ ಹಿಂದಿನ ಬೆಂಚಿನಲ್ಲಿದ್ದ ದಾಖಲೆ ಕೋಣೆಯ ಗುಮಾಸ್ತ ಎದ್ದ, ಕೂತ, ಮತ್ತೆ ಎದ್ದ. ಬೆಳಗಿನಿಂದ ತೊಡೆಯ ಮೇಲಿದ್ದ ಪುಸ್ತಕದ ಭಾರಕ್ಕೆ ಕಾಲು ಜೋಮು ಹಿಡಿದಿತ್ತು. ಬಟ್ಟೆಯಲ್ಲಿ ಸುತ್ತಿದ್ದ ಅದನ್ನು ಎದೆಗವಚಿಕೊಂಡು ಮುಂದೆ ನಡೆದ. ಮೂರನೆಯ ಸಾಲಿನ ತುದಿಯಲ್ಲಿ ಅವನ ಅಕ್ಕ ಕೂತಿದ್ದಳು. ಅವನ ಅಂಗಿ ಅವಳ ಭುಜಕ್ಕೆ ತಾಗುವಷ್ಟು ಹತ್ತಿರದಿಂದ ಹಾದುಹೋದರೂ ಅವಳು ತಲೆಯೆತ್ತಲಿಲ್ಲ. ಅಕ್ಕ ತಮ್ಮ ಮಾತು ಬಿಟ್ಟು ಹನ್ನೊಂದು ತಿಂಗಳಾಗಿತ್ತು.

ಕಚೇರಿಯಲ್ಲಿ ಅವನಿಗೆ ರೂಲುದೊಣ್ಣೆ ಎಂದೇ ಹೆಸರು. ಉರುಟು ಮರದ ಆ ದೊಣ್ಣೆಯಿಲ್ಲದೆ ಅವನು ಒಂದು ಗೆರೆಯನ್ನೂ ಎಳೆದವನಲ್ಲ. ಮನೆಯ ಸಾಮಾನಿನ ಚೀಟಿ ಬರೆಯುವಾಗಲೂ ಮೊದಲು ಅಂಚು ಬಿಡುವ ಮನುಷ್ಯ. "ನಿಮ್ಮನ್ನ ಕಟ್ಕೊಂಡು ನಾನೂ ನೆಟ್ಟಗಾಗಿಬಿಟ್ಟೆ" ಎಂದು ಹೆಂಡತಿ ನಗುತ್ತಿದ್ದಳು. ಮೇಲಿನಿಂದ ಬಂದ ಕಾಗದ ಅವನ ಪಾಲಿಗೆ ಕೊನೆಯ ಮಾತು. ಆ ಮೇಲಿನವರಿಗೂ ಮೇಲೊಬ್ಬರು ಇರಬಹುದೆಂದು ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಅವನಿಗೆ ಹೊಳೆದಿರಲಿಲ್ಲ.

ಊರಂಚಿನಲ್ಲಿ ಕಲ್ಲು ತೆಗೆದು ಬಿಟ್ಟುಹೋದ ದೊಡ್ಡ ಗುಂಡಿಯೊಂದಿತ್ತು. ಅದನ್ನು ಬುಟ್ಟಿ ಬುಟ್ಟಿ ಮಣ್ಣು ಹೊತ್ತು ತುಂಬಿಸಿ, ಮುನ್ನೂರ ನಲವತ್ತು ಸಂಸಾರಗಳು ಅದರ ಮೇಲೆ ಮನೆ ಕಟ್ಟಿಕೊಂಡಿದ್ದವು. ಇಪ್ಪತ್ತೆರಡು ವರ್ಷದ ಹಿಂದೆ ಶಾಸನಸಭೆ ಕಾನೂನು ಮಾಡಿ ಅವರಿಗೆಲ್ಲ ಹಕ್ಕುಪತ್ರ ಕೊಡಿಸಿತು. ಕಳೆದ ವರ್ಷ ಅದೇ ಸಭೆ, ಒಂದೇ ಮಧ್ಯಾಹ್ನದಲ್ಲಿ ಕೈಯೆತ್ತಿ, ಇನ್ನೊಂದು ಕಾನೂನು ಮಾಡಿತು. ಹಕ್ಕುಪತ್ರಗಳೆಲ್ಲ ರದ್ದು, ಅವನ್ನು ಎಂದೂ ಕೊಟ್ಟೇ ಇರಲಿಲ್ಲವೆಂದು ತಿಳಿಯತಕ್ಕದ್ದು, ಪತ್ರಗಳನ್ನು ವಾಪಸು ಪಡೆದು ನಾಶ ಮಾಡತಕ್ಕದ್ದು. ಈ ತಿಂಗಳ ಕೊನೆಗೆ ಮನೆ ಕೆಡವುವ ಯಂತ್ರಗಳು ಬರುವುದಿತ್ತು. ಅದಕ್ಕೇ ಆ ಸಂಸಾರಗಳು ನ್ಯಾಯಾಲಯಕ್ಕೆ ಬಂದಿದ್ದವು.

ಅಲ್ಲೇ ಮನೆಯಿದ್ದ ಅಕ್ಕನೂ ಪತ್ರ ವಾಪಸು ಕೊಡಲು ತಂದಿದ್ದಳು. ತಾಯಿ ಸತ್ತ ಮೇಲೆ ಅವನನ್ನು ಸಾಕಿದವಳು ಅವಳೇ. ಗಿರಾಕಿಗಳ ಬಟ್ಟೆಯಲ್ಲಿ ಉಳಿದ ತುಂಡುಗಳನ್ನು ಜೋಡಿಸಿ ಅವನ ಶಾಲೆಯ ಅಂಗಿ ಹೊಲಿದವಳು. ಸಾಲಿನಲ್ಲಿ ನಿಂತು, ತನ್ನ ಸರದಿ ಬಂದಾಗ ಪತ್ರವನ್ನು ಅವನ ಮೇಜಿನ ಮೇಲಿಟ್ಟಳು.

"ರಸೀತಿ ಕೊಡ್ತೀನಿ ಅಕ್ಕಾ," ಎಂದ.

"ರಸೀತಿ ಇಟ್ಕೊಂಡು ಏನ್ ಮಾಡ್ಲೋ? ಹೊದ್ಕೊಂಡು ಮಲಗೋಕಾಗುತ್ತಾ?"

ಅದೇ ಕೊನೆ. ಆ ಸಂಜೆ ಅವನು ಹಕ್ಕುಪತ್ರಗಳ ರಿಜಿಸ್ಟರಿನ ಮೊದಲ ಪುಟ ತೆರೆದ. ಮೊದಲ ಹೆಸರೇ ಅವಳದು, ಪಕ್ಕದಲ್ಲಿ ತಂದೆಯ ಹೆಸರು. ಆ ತಂದೆ ಅವನಿಗೂ ತಂದೆ. "ಒಂದಕ್ಷರನೂ ಕಾಣದ ಹಾಗೆ ಮಸಿ ಬಳಿದುಬಿಡಿ" ಎಂದು ಸಾಹೇಬರು ಹೇಳಿದ್ದರು. "ಹಾಗೆ ಪದ್ಧತಿ ಇಲ್ಲ ಸಾರ್" ಎಂದಿದ್ದ. ಅದು ಧೈರ್ಯವೇನೂ ಅಲ್ಲ, ಬರೀ ಅಭ್ಯಾಸ. ಕೆಲಸ ಕಲಿಸಿದ ಹಳೆಯ ಹೆಡ್ ಗುಮಾಸ್ತರು ಮೊದಲ ದಿನವೇ ಹೇಳಿದ್ದರು: "ಗೆರೆ ಎಳಿ, ಹೂಳಬೇಡ. ಇವತ್ತು ಬೇಡ ಅಂದಿದ್ದನ್ನ ನಾಳೆ ಯಾರೋ ಬಂದು ಕೇಳ್ತಾರೆ." ಹಾಗಾಗಿ ರೂಲುದೊಣ್ಣೆ ಉರುಳಿಸಿ, ಮುನ್ನೂರ ನಲವತ್ತು ಹೆಸರುಗಳ ಮೇಲೆ ಕೂದಲೆಳೆಯಷ್ಟು ಸಪೂರವಾದ ಕೆಂಪು ಗೆರೆ ಎಳೆದ. ಮೊದಲ ಗೆರೆಗೆ ಮಾತ್ರ ಬಹಳ ಹೊತ್ತು ಹಿಡಿಯಿತು.

ನ್ಯಾಯಾಲಯದಲ್ಲಿ ಸರ್ಕಾರದ ವಕೀಲರು ಅಡ್ಡಗೋಡೆಯ ಮೇಲೆ ದೀಪ ಇಡುವ ಜಾತಿಯವರಲ್ಲ. ಖಡಾಖಂಡಿತವಾಗಿ ವಾದಿಸಿದರು. "ಕೊಟ್ಟಿದ್ದು ಶಾಸನಸಭೆ. ವಾಪಸು ತೆಗೆದುಕೊಳ್ಳುವ ಅಧಿಕಾರವೂ ಅದಕ್ಕೇ ಇದೆ. ಅಲ್ಲದೆ, ಯಾರಿಗೆ ಯಾವ ಜಾಗ ಕೊಟ್ಟಿದ್ದರು ಎಂದು ತೋರಿಸಲು ಇವತ್ತು ಇವರ ಹತ್ತಿರ ಒಂದು ಚೂರು ಕಾಗದವೂ ಇಲ್ಲ."

ಅಕ್ಕನ ಪಕ್ಕದಲ್ಲಿದ್ದ ಬೀಗ ರಿಪೇರಿಯವನು ಪಿಸುಗುಟ್ಟಿದ: "ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅಂತಾರೆ. ಇಲ್ಲಿ ನೋಡಿದ್ರೆ ಇಸ್ಕೊಂಡ ನಾವೇ ಕೋಡಂಗಿಗಳು!" ಅಕ್ಕ ನಗಲಿಲ್ಲ.

ನ್ಯಾಯಾಧೀಶೆ ರಿಜಿಸ್ಟರನ್ನು ಹತ್ತಿರಕ್ಕೆಳೆದುಕೊಂಡರು. ಅರವತ್ತರ ಹತ್ತಿರದ ಸಣ್ಣ ಆಳು. ನೆಗಡಿಯಾಗಿತ್ತು, ಕೈಯಲ್ಲಿ ಕರವಸ್ತ್ರ. ಕನ್ನಡಕ ಒರೆಸಿಕೊಂಡು ಮೊದಲ ಪುಟದ ಮೇಲೆ ಬಾಗಿದರು.

"ಇದು ಓದೋಕೆ ಬರುತ್ತಲ್ಲ," ಎಂದರು.

ಆಮೇಲೆ ಕೆಂಪು ಗೆರೆಯ ಕೆಳಗಿನ ಹೆಸರನ್ನು ಗಟ್ಟಿಯಾಗಿ ಓದಿದರು. ಅಕ್ಕನ ಹೆಸರು, ಅಪ್ಪನ ಹೆಸರು, ಜಾಗದ ಉದ್ದ ಅಗಲ. ಯಾರೂ ಕರೆಯದೆ ಅಕ್ಕ ಎದ್ದು ನಿಂತಳು. ಎರಡನೆಯ ಹೆಸರಿಗೆ ಬೀಗ ರಿಪೇರಿಯವನು ಎದ್ದ. ಮೂರನೆಯ ಹೆಸರಿನ ಮುದುಕ ತೀರಿಕೊಂಡಿದ್ದ. ಅವನ ಮಗಳು ಮಗುವನ್ನು ಸೊಂಟಕ್ಕೇರಿಸಿಕೊಂಡು ಎದ್ದಳು. ನ್ಯಾಯಾಧೀಶೆ ಓದುತ್ತಲೇ ಹೋದರು. ಹೆಸರು ಕಿವಿಗೆ ಬಿದ್ದ ಹಾಗೆಲ್ಲ ಹಿಂದೆ, ಗೋಡೆಯ ಪಕ್ಕ, ಬಾಗಿಲಾಚೆಯ ಮೊಗಸಾಲೆಯಲ್ಲಿ ಒಬ್ಬೊಬ್ಬರೇ ಎದ್ದರು. ಈ ಹೆಸರುಗಳಿಗೆ ಮುಖಗಳಿವೆ ಎಂದು ಗುಮಾಸ್ತನಿಗೆ ಗೊತ್ತಿತ್ತು. ಆದರೆ ಅವೆಲ್ಲ ಒಟ್ಟಿಗೆ ಎದ್ದು ನಿಂತದ್ದನ್ನು ಅವನು ಕಂಡಿರಲಿಲ್ಲ.

ಪುಟ ಮುಗಿದ ಮೇಲೆ ನ್ಯಾಯಾಧೀಶೆ ಅಕ್ಕನ ಕಡೆ ನೋಡಿದರು.

"ಇದನ್ನ ರದ್ದು ಮಾಡೋ ಮುಂಚೆ ನಿಮ್ಮನ್ನ ಯಾರಾದ್ರೂ ಕರೆದು ಕೇಳಿದ್ರೇನಮ್ಮಾ?"

"ಇಲ್ಲ ತಾಯಿ. ಸಭೆಯೋರು ಕೇಳ್ಲಿಲ್ಲ, ಸಾಹೇಬ್ರು ಕೇಳ್ಲಿಲ್ಲ." ಅಕ್ಕ ಕೈಯೆತ್ತಿ ತೋರಿಸಿದಳು. "ಗೆರೆ ಎಳೆದೋನು ಅಗೋ, ನನ್ನ ತಮ್ಮ. ಅವನೂ ಕೇಳ್ಲಿಲ್ಲ."

ಗುಮಾಸ್ತನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

"ಗೆರೆ ಇಷ್ಟು ಸಪೂರ ಯಾಕೆ?" ನ್ಯಾಯಾಧೀಶೆ ಅವನನ್ನು ಕೇಳಿದರು.

"ಕೆಳಗಿನ ಅಕ್ಷರ ಸಾಯಬಾರದು ಅಂತ, ಮೇಡಂ. ಹಾಗೇ ಕಲಿಸಿದ್ದು."

ಅವರು ಒಂದು ಕ್ಷಣ ಅವನನ್ನೇ ನೋಡಿ, ಸೀನಿ, ಮೂಗು ಒರೆಸಿಕೊಂಡರು.

ಮಧ್ಯಾಹ್ನದ ಮೇಲೆ ಆದೇಶವನ್ನು ಅಲ್ಲೇ ಹೇಳಿ ಬರೆಸಿದರು. ನೆಗಡಿಯ ದನಿ, ಮೊದಲ ಸಾಲಿನವರೂ ಕಿವಿಗೊಟ್ಟು ಕೇಳಬೇಕು. "ಶಾಸನಸಭೆ ಕಾನೂನು ಮಾಡಬಹುದು. ಆದರೆ ಒಬ್ಬರ ಹಕ್ಕು ಸುಳ್ಳೆಂದು, ಅವರ ಮಾತು ಕೇಳದೆ, ತಾನೇ ತೀರ್ಪು ಕೊಡಲಾಗದು. ಅದು ನ್ಯಾಯಾಲಯದ ಕೆಲಸ. ಕೇಳದೆ ತೀರ್ಪು ಕೊಡುವ ಅಧಿಕಾರ ಈ ಪೀಠಕ್ಕೂ ಇಲ್ಲ. ಕೊಟ್ಟದ್ದನ್ನು ಕೊಟ್ಟೇ ಇಲ್ಲ ಎಂದು ಯಾವ ಸಭೆ ಕೈಯೆತ್ತಿದರೂ, ನಡೆದದ್ದು ನಡೆಯದೆ ಹೋಗುವುದಿಲ್ಲ. ಈ ಕಾನೂನು ಅಸಿಂಧು. ಹೆಸರುಗಳನ್ನು, ಹಕ್ಕುದಾರರ ಎದುರಿನಲ್ಲೇ, ಮತ್ತೆ ಬರೆಯತಕ್ಕದ್ದು."

ಅಷ್ಟೇ. ಗುಡುಗಲಿಲ್ಲ, ಮೇಜು ಕುಟ್ಟಲಿಲ್ಲ. ನೂರಾರು ಜನ ಕೈಯೆತ್ತಿ ಮಾಡಿದ್ದನ್ನು ನೆಗಡಿಯಾದ ಒಬ್ಬ ಹೆಂಗಸು ಕೂತಲ್ಲಿಂದ ಏಳದೆ ಇಲ್ಲವಾಗಿಸಿದ್ದರು. ಹೊರಗೆ ಬಂದ ಮೇಲೂ ಜನ ಕೂಗಾಡಲಿಲ್ಲ. ದೊಡ್ಡದೇನನ್ನೋ ಕಂಡವರ ಹಾಗೆ ಮೆಟ್ಟಿಲ ಮೇಲೆ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ಗುಮಾಸ್ತ ರಿಜಿಸ್ಟರನ್ನು ಬಟ್ಟೆಯಲ್ಲಿ ಸುತ್ತುತ್ತ, ಇಷ್ಟು ವರ್ಷ ತಾನು ಹೊತ್ತು ತಿರುಗಿದ್ದು ಏನನ್ನು ಎಂಬುದು ಹೊಳೆದು ಮೊದಲ ಸಲ ಹೆದರಿದ. ಅವನು ಕಣ್ಣೆತ್ತುವಷ್ಟರಲ್ಲಿ ಅಕ್ಕ ಹೊರಟುಹೋಗಿದ್ದಳು.

ಎಂಟು ದಿನಗಳ ನಂತರ ಆದೇಶದ ಪ್ರತಿ ಕಚೇರಿಗೆ ಬಂತು. ದಾಖಲೆ ಕೋಣೆಯ ಬಾಗಿಲಿನಿಂದ ರಸ್ತೆಯವರೆಗೆ ಸಾಲು. ರಿಜಿಸ್ಟರಿನ ಕ್ರಮದಲ್ಲೇ ಕರೆಯಬೇಕಾದ್ದರಿಂದ ಮೊದಲು ಒಳಗೆ ಬಂದವಳು ಅಕ್ಕ. ಬಂದು ಮೇಜಿನ ಆಚೆ ನಿಂತಳು, ಕೂರಲಿಲ್ಲ. ಅವನು ಪುಟ ತೆರೆದು ಅವಳ ಕಡೆ ತಿರುಗಿಸಿದ. ಅವಳು ಬಾಗಿ ಕೆಂಪು ಗೆರೆಯನ್ನು ನೋಡಿದಳು, ಗೆರೆಯ ಕೆಳಗಿನ ಅಪ್ಪನ ಹೆಸರನ್ನು ನೋಡಿದಳು. ಬಟ್ಟೆಯ ನೇಯ್ಗೆ ನೋಡುವ ಹಾಗೆ, ಬಹಳ ಹೊತ್ತು.

"ಗೆರೆ ಅಳಿಸೋ ಹಾಗಿಲ್ಲ ಅಕ್ಕಾ," ಎಂದ ಅವನು. "ಅದು ಹಾಗೇ ಇರುತ್ತೆ. ಪಕ್ಕದ ಅಂಚಲ್ಲಿ ಹೊಸದಾಗಿ ಬರೀಬೇಕು."

ಅವನು ರೂಲುದೊಣ್ಣೆಗಾಗಿ ಕೈಚಾಚಿದ. ಅಷ್ಟರಲ್ಲಿ ಫ್ಯಾನಿನ ಗಾಳಿಗೆ ಪುಟ ಮೇಲೆದ್ದಿತು. ಅಕ್ಕ ತಟ್ಟನೆ ಅಂಗೈಯಿಟ್ಟು ಅದನ್ನು ಒತ್ತಿಹಿಡಿದಳು, ಹೊಲಿಗೆ ಯಂತ್ರದ ಸೂಜಿಯ ಕೆಳಗೆ ಬಟ್ಟೆ ಹಿಡಿಯುವ ಹಾಗೆ, ಎರಡು ಬೆರಳು ಅಗಲಿಸಿ.

"ಬರಿ," ಅಂದಳು. "ಅಪ್ಪನ ಹೆಸರೂ ಬರಿ."

ಅವನು ದೊಣ್ಣೆಯನ್ನು ಬಿಟ್ಟು ಪೆನ್ನು ತೆಗೆದ. ಅವಳ ಬೆರಳುಗಳ ನಡುವಿನ ಜಾಗದಲ್ಲಿ ಬರೆಯತೊಡಗಿದ. ಸಾಲು ಸ್ವಲ್ಪ ಓರೆಯಾಯಿತು.