ಬಾಗಿಲಾಚೆ ನಿಂತು ಕೇಳುವವನು

ನನ್ನ ಷಡ್ಡಕ ಹಿಮ್ಮುಖವಾಗಿ ನಡೆಯುತ್ತಾನೆ. ಯಾವಾಗಲೂ ಅಲ್ಲ, ಏನಾದರೂ ಮನಸ್ಸಿಗೆ ಹಿಡಿಸಿದಾಗ ಮಾತ್ರ. ಇಷ್ಟವಾದದ್ದರ ಹತ್ತಿರ ಹೋಗಿ ಮುಟ್ಟಿ ನೋಡುವುದು ನಮ್ಮೆಲ್ಲರ ಸ್ವಭಾವ. ಅವನೋ ಕಣ್ಣನ್ನು ಅರೆ ಮುಚ್ಚಿ, ಮೊಣಕೈ ಸವೆದ ಬೂದುಬಣ್ಣದ ಕೋಟಿನ ಜೇಬುಗಳಿಗೆ ಕೈ ಇಳಿಬಿಟ್ಟು, ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತ, ಕುರ್ಚಿಗೆ ತಗುಲಿ, ಆ ಕುರ್ಚಿಗೇ "ಸಾರಿ" ಎಂದು, ಮತ್ತೂ ಸರಿಯುತ್ತಾನೆ. ಗೋಡೆಯ ಫೋಟೋ ಓರೆಯಾಗಿದೆಯೇ ಎಂದು ಕೇಳಿದರೆ ಉತ್ತರ ಹೇಳಲು ರಸ್ತೆಗೇ ಇಳಿಯುತ್ತಾನೆಂದು ನನ್ನ ನಾದಿನಿ ಗಂಡನನ್ನು ಆಡಿಕೊಂಡು ನಗುತ್ತಾಳೆ. ಅವನು ವೃತ್ತಿಯಿಂದ ಕಣ್ಣಿನ ಡಾಕ್ಟರು. ಜನರನ್ನು ದೂರ ಕೂರಿಸಿ ಅಕ್ಷರ ಓದಿಸಿ ಓದಿಸಿ ಲೋಕವನ್ನೂ ಹಾಗೇ ಓದುವ ಅಭ್ಯಾಸವಾಗಿರಬೇಕು.

ಅವನ ಮೇಲೆ ನನಗೆ ಹೊಟ್ಟೆಕಿಚ್ಚು. ಬೈಯಲು ಒಂದು ದುರ್ಗುಣವನ್ನಾದರೂ ಇಟ್ಟುಕೊಳ್ಳದ ಮನುಷ್ಯನ ಮೇಲೆ ಹುಟ್ಟುವ ಹೊಟ್ಟೆಕಿಚ್ಚು ಅಷ್ಟು ಸುಲಭಕ್ಕೆ ಆರುವುದಿಲ್ಲ. ನನ್ನ ಹೆಂಡತಿ ಹಾಡುತ್ತಾಳೆ. ನಮ್ಮ ಪುಟ್ಟ ವಾದ್ಯತಂಡದಲ್ಲಿ, ಮದುವೆಗೂ ಮೊದಲಿನಿಂದ, ಬೇಸ್ ಗಿಟಾರ್ ಹಿಡಿದು ಅವಳ ಬೆನ್ನಿಗೆ ನಿಂತವನು ನಾನು. ಷಡ್ಡಕನಿಗೂ ಅದೇ ವಾದ್ಯ ಬರುತ್ತದೆಂದು ಗೊತ್ತಾದಾಗಲೇ ನನಗೆ ಸ್ವಲ್ಪ ಅಳುಕಾಗಿತ್ತು. ಒಮ್ಮೆ ನಾನು ಜ್ವರ ಬಂದು ಮಲಗಿದಾಗ ನನ್ನ ಬದಲಿಗೆ ಅವನು ನುಡಿಸಿದ. ಹಾಡು ಮುಗಿಸಿ ಮನೆಗೆ ಬಂದ ಹೆಂಡತಿ ಚಪ್ಪಲಿ ಬಿಡುತ್ತಲೇ, "ಇವತ್ತು ಗಂಟಲು ನೋಯಲೇ ಇಲ್ಲ ಕಣ್ರೀ," ಎಂದಳು. ಅವನು ನನಗಿಂತ ಚೆನ್ನಾಗಿ ನುಡಿಸಿದನೆಂದಿದ್ದರೆ ಸಹಿಸಿಕೊಳ್ಳುತ್ತಿದ್ದೆನೋ ಏನೋ. ಜ್ವರ ಇಳಿದರೂ ಆ ಮಾತು ಇಳಿಯಲಿಲ್ಲ.

ಅಷ್ಟರಲ್ಲಿ ಗಿಟಾರಿನ ಸದ್ದು ಹಿಗ್ಗಿಸುವ, ತಂಡದ ಹಳೆಯ ಆಂಪ್ಲಿಫೈಯರ್ ಪೆಟ್ಟಿಗೆ ಕೈಕೊಟ್ಟಿತು. ತಂಡದ ಹಿರಿಯನಾದ ಡ್ರಮ್ಮಿನವನು ನನ್ನನ್ನೂ ಷಡ್ಡಕನನ್ನೂ ಕರೆದು, "ಹೊಸದು ತನ್ನಿ. ಇನ್ಮೇಲೆ ಬೇಸ್ ಯಾರು ನುಡಿಸೋದು ಅಂತಲೂ ನೀವಿಬ್ರೇ ಮಾತಾಡಿಕೊಂಡು ಬನ್ನಿ," ಎಂದುಬಿಟ್ಟ. ನನ್ನ ಜಾಗವೇ ಪಣಕ್ಕೆ ಬಿದ್ದಿತ್ತು. ಹೆಂಡತಿಯನ್ನೂ ಕರೆದುಕೊಂಡು ಮೂವರೂ ಅಂಗಡಿಗೆ ಹೋದೆವು.

ನಾನು ಆರಿಸಿದ್ದು ಎದೆಮಟ್ಟದ ಪೆಟ್ಟಿಗೆ. ಗಿಟಾರಿನ ವೈರು ಸಿಕ್ಕಿಸಿ, ಅದರ ಮಗ್ಗುಲಲ್ಲೇ ನಿಂತು, ದಪ್ಪ ತಂತಿಯನ್ನು ಮೀಟಿದಾಗ ಪ್ಯಾಂಟಿನ ಕಾಲು ಅದುರಿತು, ಗಾಜಿನ ಕಪಾಟು ಗಲಗಲ ಎಂದಿತು. ಇಂಥ ಸದ್ದಿನ ಒಡೆಯನನ್ನು ಅವನ ಜಾಗದಿಂದ ಯಾರು ತಾನೇ ಎಬ್ಬಿಸಿಯಾರು ಎನಿಸಿ, "ಇದೇ ಇರಲಿ," ಎಂದೆ.

"ಭಾವ, ನುಡಿಸ್ತಾ ಇರಿ. ಅಕ್ಕ, ನೀವೂ ಸ್ವಲ್ಪ ಹಾಡಿ," ಎಂದವನೇ ಷಡ್ಡಕ ಹಿಂದೆ ಸರಿಯತೊಡಗಿದ. ಸಾಲಾಗಿಟ್ಟ ಕೀಬೋರ್ಡುಗಳನ್ನು ದಾಟಿ, ತಾಳದ ತಟ್ಟೆಯೊಂದಕ್ಕೆ ಬೆನ್ನು ತಗುಲಿಸಿ ಝಣ್ ಎನ್ನಿಸಿ, ಅದಕ್ಕೊಂದು "ಸಾರಿ" ಹೇಳಿ, ಬಾಗಿಲಾಚೆಯ ಮೆಟ್ಟಿಲಿಳಿದು ರಸ್ತೆಯ ಅಂಚಿನಲ್ಲಿ ನಿಂತ. ತಿರುಗಿ ಬಂದಾಗ ಅವನ ದನಿಯಲ್ಲಿ ಆಕ್ಷೇಪಣೆಯ ಸುಳಿವೂ ಇರಲಿಲ್ಲ.

"ಭಾವ ಚೆನ್ನಾಗಿ ಕೇಳಿಸ್ತಾರೆ. ಅಕ್ಕ ಕೇಳಿಸಲ್ಲ."

ಮೂಲೆಯಲ್ಲಿದ್ದ, ಸೂಟ್‌ಕೇಸಿಗಿಂತ ತುಸು ದೊಡ್ಡದಾದ ಇನ್ನೊಂದು ಪೆಟ್ಟಿಗೆಯನ್ನು ಅವನೇ ಹೊತ್ತು ತಂದ. ನನ್ನ ಕಾಲಬುಡದಲ್ಲಿ ಅದು ಸಪ್ಪೆಯಾಗಿ ಗುನುಗಿತು. ನಾನು ನುಡಿಸುತ್ತಿದ್ದೇನೆಂಬುದೇ ನನಗೆ ಅನುಮಾನವಾಯಿತು. ಅವನು ಮಾತ್ರ ಆಚೆಯಿಂದ ಮುಖ ಅರಳಿಸಿಕೊಂಡು ಬಂದ. "ಅಕ್ಕನ ಒಂದೊಂದು ಅಕ್ಷರವೂ ಬಂತು, ಭಾವ. ನೀವು ಕೆಳಗೆ ನೆಲದ ಹಾಗೆ ಗಟ್ಟಿಯಾಗಿದ್ರಿ."

ನನ್ನ ಹೆಂಡತಿ ಗಂಟಲ ಮೇಲೆ ಬೆರಳಿಟ್ಟುಕೊಂಡು ಅವನನ್ನೇ ನೋಡುತ್ತಿದ್ದಳು. ನನಗೆ ಉರಿದುಹೋಯಿತು.

"ಹಾಗಾದ್ರೆ ನೀನೇ ನುಡಿಸಪ್ಪಾ. ನಿನಗೆ ಬೇಕಾಗಿರೋದೂ ಅದೇ ತಾನೇ?"

ಅವನು ನಿಜವಾಗಿಯೂ ಗಾಬರಿಯಾದ. "ನಾನ್ಯಾಕೆ ಭಾವ? ನಾನೂ ಅಲ್ಲೇ ನಿಂತುಬಿಟ್ರೆ ಆಚೆಯಿಂದ ಕೇಳೋರು ಯಾರು?"

ಚಿಕ್ಕ ಪೆಟ್ಟಿಗೆಯೇ ಬಂತು. ಜಾಗ ನನಗೇ ಉಳಿಯಿತು. ಗೆದ್ದವನ ಹಾಗೆ ಮೀಸೆ ತಿರುವಬೇಕಾದವನು ನಾನು. ಆದರೆ ಈಗ ಪ್ರತಿ ಸಭಾಂಗಣದಲ್ಲೂ ಅವನು ಹಿಂದಿನ ಗೋಡೆಗೆ ಒರಗಿ, ಆ ಕೋಟಿನ ಜೇಬುಗಳಲ್ಲಿ ಕೈಯಿಟ್ಟು ನಿಂತಿರುತ್ತಾನೆ. ಹಾಡು ಎತ್ತಿಕೊಳ್ಳುವ ಮೊದಲು ಒಮ್ಮೆ ನನ್ನ ಕಡೆ ತಿರುಗಿ ನೋಡುತ್ತಿದ್ದ ಹೆಂಡತಿ ಈಗ ಅಷ್ಟೂ ತಲೆಗಳ ಮೇಲಿಂದ ಆ ಗೋಡೆಯತ್ತ ನೋಡುತ್ತಾಳೆ. ಅವನು ತಲೆಯಾಡಿಸುತ್ತಾನೆ; ಅವಳ ಮುಖ ಹಗುರಾಗುತ್ತದೆ. ನಾಚಿಕೆಗೇಡು, ಈಚೆಗೆ ನಾನೂ ಆ ಕಡೆಗೇ ನೋಡುತ್ತೇನೆ, ನನ್ನ ಪಾಲಿಗೂ ಒಮ್ಮೆ ತಲೆಯಾಡಿಸಿಯಾನೇ ಎಂದು.

ಕಿತ್ತುಕೊಳ್ಳುವವರೊಡನೆ ಜಗಳವಾಡಿ ಹೊಟ್ಟೆಯ ಉರಿ ತಣಿಸಿಕೊಳ್ಳಬಹುದು. ಹಿಂದೆ ಸರಿಯುವ ಇಂಥವರೊಡನೆ ಅದೂ ಸಾಧ್ಯವಿಲ್ಲ. ನಮ್ಮ ಜಾಗವನ್ನು ನಮಗೇ ಬಿಟ್ಟುಕೊಟ್ಟು, ನಾವು ಆ ಜಾಗದಲ್ಲಿ ನಿಂತದ್ದೇ ಯಾರ ಕಣ್ಣಿಗಾಗಿಯೋ ಆ ಕಣ್ಣನ್ನು, ತಮಗೇ ಅರಿವಿಲ್ಲದೆ, ತಮ್ಮೊಡನೆ ಹಿಂದಿನ ಗೋಡೆಯವರೆಗೆ ಒಯ್ದಿರುತ್ತಾರೆ.