ಓದಿಸದೆ ಉಳಿದ ಸಕ್ಕರೆ

ಒಂದೂರಿನಲ್ಲಿ ಒಬ್ಬ ರಾಜ ಇದ್ದನಂತೆ, ಅವನಿಗೆ ಸೈನ್ಯ ಇರಲಿಲ್ಲವಂತೆ, ಇದ್ದದ್ದು ಒಂದು ಗುಮ್ಮ, ಜನ ಮಾತು ಕೇಳದ ದಿನ ಅದನ್ನು ಕೋಟೆಯ ಮೇಲೆ ನಿಲ್ಲಿಸುತ್ತಿದ್ದನಂತೆ — ಬಸ್ಸು ರಾಯಚೂರು ಬಿಟ್ಟು ಮಾನ್ವಿ ರಸ್ತೆಗೆ ಹೊರಳುವಾಗ ಗೋಡೆಯ ಮೇಲೊಂದು ಮುಖ ಸರಿದುಹೋಯಿತು, ಬೆರಳೆತ್ತಿದ ನಾಯಕನ ಮುಖ, ನಿಮ್ಮ ಮಕ್ಕಳು ಜೋಪಾನ ಎಂದು ಕೆಳಗೆ ದಪ್ಪಕ್ಷರ, ಮೌನೇಶ್ವರಿ ಮಡಿಲಲ್ಲಿದ್ದ ಸಕ್ಕರೆ ಪೊಟ್ಟಣವನ್ನು ಇನ್ನಷ್ಟು ಬಿಗಿಹಿಡಿದಳು, ಅಜ್ಜಿ ಕಥೆಯನ್ನು ಎಲ್ಲಿಗೆ ನಿಲ್ಲಿಸಿದ್ದಳು, ಆಮ್ಯಾಲ ಏನಾತಬೇ ಯವ್ವಾ, ಮೊದಲ ಉಣ್ಣು, ಆಮ್ಯಾಲ ಹೇಳ್ತೀನಿ. ಅಜ್ಜಿಯ ಗುಮ್ಮ ಎಂದರೆ ಗೂಟಕ್ಕೆ ತೂಗುಹಾಕಿದ ಕಂಬಳಿ, ಕೊನೆಯ ತುತ್ತು ಗಂಟಲಿಗಿಳಿದ ಕೂಡಲೇ ಅದನ್ನು ಇಳಿಸಿ, ನೋಡು, ಹೋತು, ಎಂದು ಅದನ್ನೇ ಮೊಮ್ಮಗಳಿಗೆ ಹೊದಿಸಿ ಮಲಗಿಸುವಳು, ಎಷ್ಟು ಬೆಚ್ಚಗಿತ್ತು ಆ ಗುಮ್ಮ, ಗೋಡೆಯ ಮೇಲಿನ ಈ ನಾಯಕ ಮಾತ್ರ ತನ್ನದನ್ನು ಇಳಿಸುವುದೇ ಇಲ್ಲ — ಹಿಂದಿನ ಸೀಟಿನಲ್ಲಿ ಇಬ್ಬರು ಗಂಡಸರು ಅವನದೇ ಮಾತು ತೆಗೆದಿದ್ದಾರೆ, ಹ್ವಾದ ವರ್ಷ ಕಾಲವಿ ಒಡದು ನೀರು ನುಗ್ತದಂತ ಹೆದರಿಸಿ ಸಂತಿ ಎಬ್ಬಿಸಿದ, ಕಾಲವಿ ಒಡೀತೇನಲೇ, ಎಲ್ಲಿ ಒಡೀತೋ, ಸಂತಿ ಜಾಗದಾಗ ಅವನ ಅಳಿಯನ ಮಳಿಗಿ ಎದ್ದಾವ ನೋಡು, ಈಗ ಮಕ್ಕಳ ಕಳ್ಳರಂತ, ನನ್ನ ಮಗನ್ನ ಒಯ್ಲಿ ಬಿಡು, ಅವ ತಿನ್ನೂದು ನೋಡಿ ಮರುದಿನ ಅವರ ತಂದು ಬಿಡ್ತಾರ — ನಗು, ಬಸ್ಸಿನ ಅರ್ಧ ಮಂದಿ ನಗುತ್ತಾರೆ, ನಂಬುವವರು ಯಾರೂ ಇಲ್ಲ, ಆದರೂ ಅವಳ ಊರ ಅಗಸಿ ಬಾಗಿಲಿಗೆ ಬಿದಿರು ಅಡ್ಡ ಬಿದ್ದಿದೆ, ಪರವೂರಿನವರು ಪಾಸ್ ತೋರಿಸದೆ ಒಳಗೆ ಬರುವಂತಿಲ್ಲ.

ಹಾಗಾಗಿಯೇ ಮಸರಕಲ್ಲಿಗೆ ಗುರುವಾರ ಬರುವುದು ನಿಂತಿತು, ಅಂದರೆ ಗುರುವಾರ ಬಂತು, ವಾರವಾರವೂ ಮಾನ್ವಿಯಿಂದ ಬರುತ್ತಿದ್ದ ಫಕೀರ ಜಿಲಾನಿ ಪಾಷಾ ಬರಲಿಲ್ಲ, ಊದಿನ ಹೊಗೆ ಬರಲಿಲ್ಲ, ಹೊಗೆಯ ಹಿಂದೆ ಬರುತ್ತಿದ್ದ ಆ ಬಿಳಿ ಗಡ್ಡ, ಅದರೊಳಗೆ ಸದ್ದಿಲ್ಲದೆ ಅಲುಗುತ್ತಿದ್ದ ತುಟಿ, ಅಜ್ಜಿ ಬಟ್ಟಲಲ್ಲಿ ಸಕ್ಕರೆ ಹಿಡಿದು ನಿಲ್ಲುತ್ತಿದ್ದಳು, ಅವನು ಅದರ ಮೇಲೆ ದುವಾ ಓದಿ ಉಸಿರು ಬಿಟ್ಟು ಕೊಡುತ್ತಿದ್ದ, ಓದಿಸುವುದೆಂದರೆ ಅದರಲ್ಲಿ ಅಕ್ಷರಗಳಿರುತ್ತವೆ ಎಂದೇ ಚಿಕ್ಕ ಮೌನೇಶ್ವರಿ ನಂಬಿದ್ದಳು, ಎಲ್ಲಿ ಅದಾವ ತಾತಾ, ನನಗ ಕಾಣವಲ್ಲವು, ಕಣ್ಣಿಗಿ ಕಾಣಂಗಿಲ್ಲಬೇ, ನಾಲಿಗಿಗಿ ಕಾಣ್ತಾವ, ಬಾಯಿ ತೆಗಿ. ಕಡೆಯ ಜ್ವರದಲ್ಲಿ ಅಜ್ಜಿ ಕೇಳಿದ್ದು ಅದನ್ನೇ, ಇವತ್ತ ಗುರುವಾರ ಅಲ್ಲೇನು, ಪಾಷಾ ಬಂದ್ನೇನು, ಇಲ್ಲಬೇ ಯವ್ವಾ, ಮಕ್ಕಳ ಕಳ್ಳರಂತ ಯಾರನ್ನೂ ಬಿಡವಲ್ಲರು, ಯಾರ ಕೂಸು ಕಳದದ, ಯಾರದೂ ಇಲ್ಲ, ಅಜ್ಜಿ ಜಂತಿಯ ಕಡೆ ನೋಡಿದಳು, ಕೂಸು ಕಳದಿಲ್ಲ, ಪಾಷಾ ಕಳದಾನ, ಅವನ್ನ ಹುಡುಕಿ ನನ್ನ ಹೆಸರಲೆ ಒಂಚೂರು ಸಕ್ಕರಿ ಓದಸು, ಓದಸ್ತೀನಬೇ, ಎಂದಿದ್ದಳು ಮೌನೇಶ್ವರಿ, ಅಜ್ಜಿಯ ಕೈ ಬಿಸಿಯಿತ್ತು, ಆಮೇಲೆ ಇರಲಿಲ್ಲ.

ಮಾನ್ವಿ, ಇಳೀರಿ ಇಳೀರಿ, ಓಣಿಯಲ್ಲಿ ಕೇಳುತ್ತ ಕೇಳುತ್ತ ಹಸಿರು ಬಾಗಿಲು, ಅದು ಬೆರಳಗಲ ತೆರೆಯಿತು, ಪಾಷಾನ ಮಗಳು ಮಿನಾಜ್, ಒಂಚೂರು ಸಕ್ಕರಿ ಓದಸಬೇಕಿತ್ತು, ಎಂದಳು ಮೌನೇಶ್ವರಿ, ಅಬ್ಬಾ ಈಗ ಓದಂಗಿಲ್ಲಕ್ಕಾ, ನಿಮ್ಮೂರ ಅಗಸ್ಯಾಗ ಅಬ್ಬಾನ ಚೀಲ ನೆಲಕ್ಕ ಸುರುವ್ಯಾರ, ಊದಿನ ಪುಡಿ ಮೂಸಿ ಇದು ಕೂಸಿಗಿ ಮತ್ತು ಬರಸೂದು ಅಂದಾರ, ನೀವ ಹೇಳ್ರಿ, ಮತ್ತ ಯಾಕ ಓದಬೇಕು, ಬಾಗಿಲು ಮುಚ್ಚಿಕೊಳ್ಳುತ್ತಿದೆ, ಅಷ್ಟು ದೂರ ಬಂದು ಈ ಪೊಟ್ಟಣ ಹೀಗೇ ವಾಪಸ್ಸು ಒಯ್ಯಬೇಕೇ, ಯಾರ ಮುಂದೆ ಇಡಬೇಕು, ಅಜ್ಜಿಯ ಖಾಲಿ ಹಾಸಿಗೆಯ ಮುಂದೆಯೇ — ಒಳಗಿನಿಂದ ಕೆಮ್ಮು, ಯಾರದು, ವೆಂಕಮ್ಮಕ್ಕನ ಮೊಮ್ಮಗಳ ದನಿ ಅಲ್ಲೇನು, ಬಾರಬೇ ಒಳಗ. ಎಷ್ಟು ಸಣ್ಣಗಾಗಿದ್ದಾನೆ ತಾತ, ಗಡ್ಡ ಮಾತ್ರ ಉಳಿದಂತೆ. ಅಕ್ಕ ನನ್ನ ಮ್ಯಾಲ ಸಿಟ್ಟಾಗ್ಯಾಳೇನು, ಬರಲಿಲ್ಲಂತ? ಇಲ್ಲ ತಾತಾ, ದಾರಿ ನೋಡಿದ್ಲು, ಭಾಳ ದಾರಿ ನೋಡಿದ್ಲು. ಅವನು ಅವಳ ಮುಖ ನೋಡಿದ, ಪೊಟ್ಟಣ ನೋಡಿದ, ತಲೆಯ ಟೋಪಿ ಸರಿಮಾಡಿಕೊಂಡ, ಮಿನಾಜ್, ಕೈಕಾಲಿಗಿ ನೀರು ತಾ. ಅಬ್ಬಾ, ಯಾರರ ನೋಡ್ತಾರ. ನೋಡ್ಲಿ, ನೀ ನೀರು ತಾ.

ಪೊಟ್ಟಣ ಬಿಚ್ಚಿಕೊಂಡಿದೆ, ಊದಿನ ಪುಡಿಯಿಲ್ಲ, ಹೊಗೆಯಿಲ್ಲ, ಬಿಳಿ ಗಡ್ಡದೊಳಗೆ ತುಟಿ ಅಲುಗುತ್ತಿದೆ, ಈ ಸಲ ಸದ್ದಿದೆ, ಒಡೆದ ಸಣ್ಣ ದನಿ, ಅವಳಿಗೆ ತಿಳಿಯದ ಮಾತುಗಳು ಒಂದರ ಹಿಂದೊಂದು, ಬಾಗಿಲ ಹತ್ತಿರ ಮಿನಾಜ್ ಸೆರಗು ಹೊದ್ದು ನಿಂತಿದ್ದಾಳೆ, ತಿಳಿಯದ ಆ ಮಾತುಗಳ ನಡುವೆ ಒಂದೇ ಒಂದು ತಿಳಿಯುವ ಮಾತು, ವೆಂಕಮ್ಮ, ಅಂಗಳದಿಂದ ಕರೆದ ಹಾಗೆ, ಮತ್ತೆ ತುಟಿ ಅಲುಗಿತು, ವೆಂಕಮ್ಮ, ಮತ್ತೆ, ಆಮೇಲೆ ಅವನು ಬಾಗಿ ಸಕ್ಕರೆಯ ಮೇಲೆ ಮೆಲ್ಲಗೆ ಉಸಿರು ಬಿಟ್ಟ.