ಎಡಗಡೆಯ ದನಿ

ವಿಷ್ಣುತೀರ್ಥರ ಎಡಗಿವಿ ಕೆಟ್ಟದ್ದು ತಮಿಳರ ಆಡಿ ತಿಂಗಳ ಒಂದು ಭಾನುವಾರ. ಅದು ಕೆಟ್ಟಿದೆ ಎಂದು ಅವರಿಗೆ ಗೊತ್ತಾದದ್ದು ಇಪ್ಪತ್ತೈದು ದಿನ ಕಳೆದ ಮೇಲೆ. ಈ ನಡುವೆ ಅವರು ಒಂದು ವಿಮರ್ಶೆ ಬರೆದಿದ್ದರು.

ಅವತ್ತು ಬೆಳಿಗ್ಗೆ ಏಳುವಾಗ ಕಿವಿಯೊಳಗೆ ಹತ್ತಿ ತುರುಕಿದ ಹಾಗಿತ್ತು. ಸಣ್ಣಗೆ ಗುಂಯ್ ಎನ್ನುತ್ತಿತ್ತು. ಹೆಂಡತಿ ವೆಂಕಟಲಕ್ಷ್ಮಿ ಡಾಕ್ಟರಿಗೆ ತೋರಿಸಿ ಅಂದರು. "ನಿನ್ನೆ ಎಣ್ಣೆ ಸ್ನಾನ ಮಾಡಿದೆನಲ್ಲ, ನೀರು ಸೇರಿರಬೇಕು. ಅಪ್ಪುರಂ, ಆಮೇಲೆ, ತಾನಾಗಿ ಸರಿಹೋಗ್ತದೆ" ಎಂದು ವಿಷ್ಣುತೀರ್ಥರು ಮಾತು ಮುಗಿಸಿದರು. ಅವರು ಫೋನು ಹಿಡಿಯುತ್ತಿದ್ದದ್ದು ಬಲಗಿವಿಗೆ. ಮದರಾಸಿನ ವೆಸ್ಟ್ ಮಾಂಬಲಂನಲ್ಲಿ, ಸ್ಟೇಷನ್ನಿನ ಪಕ್ಕದ ಓಣಿಯ ಎರಡನೇ ಮಹಡಿಯ ಮನೆ. ರೈಲು, ಸ್ಕೂಟರು, ತರಕಾರಿಯವಳ ಕೂಗು ಎಲ್ಲಾ ಎಂದಿನ ಹಾಗೇ ಕೇಳಿಸುತ್ತಿದ್ದವು. ಹಾಗಾಗಿ ಒಂದು ಕಿವಿ ಹಿಂದೆ ಬಿದ್ದದ್ದು ದಿನದ ಓಡಾಟದಲ್ಲಿ ಎದ್ದು ಕಾಣಲಿಲ್ಲ.

ವಿಷ್ಣುತೀರ್ಥರಿಗೆ ಆಗ ಅರವತ್ತೊಂದು. ಮುತ್ತಜ್ಜನ ಕಾಲದಲ್ಲೇ ಕುಂಭಕೋಣದಿಂದ ಮದರಾಸಿಗೆ ಬಂದು ನೆಲೆನಿಂತ ಮಾಧ್ವರ ಮನೆ. ವಿಮಾ ಕಂಪನಿಯಲ್ಲಿ ಮೂವತ್ತು ವರ್ಷ ದುಡಿದು, ಸ್ವಂತ ಇಚ್ಛೆಯಿಂದ ಬೇಗ ನಿವೃತ್ತರಾಗಿದ್ದರು. ಕಾಲೇಜಿನಲ್ಲಿದ್ದಾಗ ರೇಡಿಯೋ ಬಿಚ್ಚಿ ಜೋಡಿಸುತ್ತಿದ್ದ ಹುಚ್ಚು ಅವರನ್ನು ಬಿಟ್ಟಿರಲಿಲ್ಲ. ಹನ್ನೆರಡು ವರ್ಷಗಳಿಂದ ಇಂಟರ್ನೆಟ್ಟಿನಲ್ಲಿ, ಕಡಿಮೆ ಬೆಲೆಯ ಹೆಡ್‌ಫೋನು, ಆಂಪ್ಲಿಫೈಯರುಗಳನ್ನು ಕೇಳಿ ನೋಡಿ ಬರೆಯುತ್ತಿದ್ದರು. ಹಾಸ್ಟೆಲಿನ ಹುಡುಗ ಹುಡುಗಿಯರು, ಹೊಸದಾಗಿ ಕೆಲಸಕ್ಕೆ ಸೇರಿದವರು, ಒಂದು ಒಳ್ಳೆಯ ವಸ್ತುವಿಗಾಗಿ ಆರು ತಿಂಗಳು ಕಾಯುವಂಥವರು ಅದನ್ನು ಓದುತ್ತಿದ್ದರು. ವಿಷ್ಣುತೀರ್ಥರ ಬಳಿ ಅಳೆಯುವ ಯಂತ್ರಗಳಿರಲಿಲ್ಲ. ಕಿವಿ ಇತ್ತು. ಒಮ್ಮೆ ಪರದೇಶದ ಕಂಪನಿಯೊಂದರ ಆಂಪ್ಲಿಫೈಯರು ಪೆಟ್ಟಿಗೆಯಲ್ಲಿ ಯಾರಿಗೂ ಕೇಳದ ಝೇಂಕಾರವೊಂದನ್ನು ಅವರು ಹಿಡಿದು ಬರೆದಾಗ, ಮೊದಲು ಒಪ್ಪದ ಕಂಪನಿ ಆಮೇಲೆ ಅದನ್ನು ತಿದ್ದಿಕೊಂಡಿತ್ತು. ವಿಷ್ಣು ಸಾರ್ ಹೇಳಿದರೆ ಮುಗಿಯಿತು ಎಂಬ ಮಾತು ಅಂದಿನಿಂದ ಹುಟ್ಟಿತ್ತು. ಯಾರಿಂದಲೂ ಕಾಸು ಮುಟ್ಟುತ್ತಿರಲಿಲ್ಲ. ಕಳಿಸಿದ ವಸ್ತುವನ್ನು ಕೇಳಿ, ಬರೆದು, ವಾಪಸು ಕಳಿಸುತ್ತಿದ್ದರು.

ಕಿವಿ ಕೆಟ್ಟ ಮರುದಿನ, ಸೋಮವಾರ, ಅವರ ಮನೆಗೆ ಬಂದ ಪೆಟ್ಟಿಗೆ ಊರಂಚಿನ ಕಾರ್ಖಾನೆಗಳ ಬಡಾವಣೆ ಅಂಬತ್ತೂರಿನದು. ಅಂಗೈಗಿಂತ ಸ್ವಲ್ಪ ದೊಡ್ಡದು, ಕಪ್ಪು ಅಲ್ಯೂಮಿನಿಯಂ, ಮುಂದೆ ಒಂದೇ ಒಂದು ತಿರುಗುಗುಂಡಿ. ಕಂಪ್ಯೂಟರಿನಲ್ಲಿ ಬರೀ ಅಂಕಿಗಳಾಗಿರುವ ಸಂಗೀತವನ್ನು ದನಿಯಾಗಿಸಿ, ದೊಡ್ಡ ಹೆಡ್‌ಫೋನಿಗೆ ಬೇಕಾದ ಬಲ ತುಂಬಿ ಕೊಡುವ ಯಂತ್ರ. ಇದರ ಗೀಳಿನವರು ಡ್ಯಾಕ್-ಆಂಪ್ ಎನ್ನುತ್ತಾರೆ. ಮಾಡಿದವಳು ನಾಗಮಣಿ, ನಲವತ್ತಮೂರು ವರ್ಷದ ಇಂಜಿನಿಯರು. ಅರಸೀಕೆರೆ ಕಡೆಯ ಅವಳ ತಂದೆ ರೈಲ್ವೆ ಕೆಲಸಕ್ಕೆ ಪೆರಂಬೂರಿಗೆ ಬಂದವರು. ಹದಿನಾಲ್ಕು ವರ್ಷ ಅಂಬತ್ತೂರಿನ ಕಾರ್ಖಾನೆಯೊಂದರಲ್ಲಿ ಪವರ್ ಸಪ್ಲೈ ವಿನ್ಯಾಸ ಮಾಡಿ, ಅದನ್ನು ಬಿಟ್ಟು, ಅಲ್ಲೇ ಒಂದು ಶೆಡ್ಡು ಹಿಡಿದು, ಇಬ್ಬರು ಹೆಂಗಸರಿಗೆ ಬೆಸುಗೆ ಕಲಿಸಿ ಈ ಕೆಲಸಕ್ಕೆ ಇಳಿದಿದ್ದಳು. ಮೊದಲ ಮಾದರಿ ಬಾಯಿಮಾತಿನಲ್ಲೇ ಖರ್ಚಾಗಿತ್ತು. ಆ ಧೈರ್ಯದ ಮೇಲೆ ಎರಡನೆಯದನ್ನು ಒಂದೇ ಸಲಕ್ಕೆ ಮುನ್ನೂರು ಮಾಡಿಸಿದ್ದಳು. ಎಲೆಕ್ಟ್ರಾನಿಕ್ ಸಾಮಾನಿನ ಪೇಟೆ ರಿಚಿ ಸ್ಟ್ರೀಟಿನ ಅಂಗಡಿಯವರೊಬ್ಬರು ಇನ್ನೂರು ತೆಗೆದುಕೊಂಡಿದ್ದರು. ಜೊತೆಗಿಟ್ಟ ಕಾಗದದಲ್ಲಿ ಅವಳು ಕನ್ನಡದಲ್ಲಿ, ದುಂಡು ಅಕ್ಷರದಲ್ಲಿ, ತಪ್ಪು ಕಂಡರೆ ಮುಚ್ಚಿಡದೆ ಬರೆಯಿರಿ ಎಂದು ಕೇಳಿಕೊಂಡಿದ್ದಳು.

ವಿಷ್ಣುತೀರ್ಥರು ನಾಲ್ಕು ದಿನ ಕೇಳಿದರು. ಪಕ್ಕದಲ್ಲಿಟ್ಟು ಹೋಲಿಸಲು ಯಾವಾಗಲೂ ಅವರ ಹಳೆಯ ಆಂಪ್ಲಿಫೈಯರು ಇರುತ್ತಿತ್ತು; ಆ ತಿಂಗಳು ಪೋರೂರಿನ ಗೆಳೆಯ ಸತ್ಯಾತ್ಮ ಅದನ್ನು ಒಯ್ದಿದ್ದ. ಹೆಡ್‌ಫೋನು ಮಾತ್ರ ಎಂಟು ವರ್ಷದಿಂದ ತಲೆಗೆ ಒಗ್ಗಿದ ತಮ್ಮದೇ. ಮೊದಲು ಹಚ್ಚಿದ್ದು ವೀಣೆ. ವೀಣೆ ಎರಡು ಕಿವಿಗಳ ನಟ್ಟನಡುವೆ ಕೇಳಬೇಕು. ಅದು ಬಲಕ್ಕೆ ಸರಿದು ಕೂತಿತ್ತು. ಎಡಗಡೆಯ ತಂಬೂರಿ ಬಾಗಿಲು ಹಾಕಿದ ಕೋಣೆಯಲ್ಲಿ ಮೀಟಿದಂತಿತ್ತು. ಅಗ್ಗದ ಯಂತ್ರಗಳಲ್ಲಿ ಇದು ಎಲ್ಲರಿಗೂ ಗೊತ್ತಿರುವ ದೋಷ: ದನಿ ಏರಿಸುವ ಗುಂಡಿ ಕಳಪೆಯದಾದರೆ ಎರಡು ಕಡೆಗೂ ಸಮನಾಗಿ ಬಲ ಹಂಚುವುದಿಲ್ಲ. ವಿಷ್ಣುತೀರ್ಥರು ಪುಸ್ತಕದಲ್ಲಿ ಗುರುತು ಹಾಕಿಕೊಂಡರು.

ಇಂಥ ಅನುಮಾನ ಬಂದಾಗ ಹೆಡ್‌ಫೋನನ್ನು ತಿರುಗಿಸಿ, ಎಡದ್ದು ಬಲಕ್ಕೆ ಬರುವಂತೆ ಹಾಕಿಕೊಂಡು ನೋಡಬೇಕು. ಯಂತ್ರದ ತಪ್ಪಾದರೆ ಕೊರತೆ ಇನ್ನೊಂದು ಕಿವಿಗೆ ಹೋಗುತ್ತದೆ. ಓದುಗರಿಗೆ ಇದನ್ನು ಅವರೇ ಹತ್ತಾರು ಸಲ ಹೇಳಿಕೊಟ್ಟಿದ್ದರು. ಗುರುವಾರ ಮಧ್ಯಾಹ್ನ ಅವರು ಹೆಡ್‌ಫೋನನ್ನು ತಲೆಯಿಂದ ತೆಗೆದು ಕೈಯಲ್ಲಿ ತಿರುಗಿಸಿದರು. ಆಮೇಲೆ ಹಾಕಿಕೊಳ್ಳದೆ ಮೇಜಿನ ಮೇಲಿಟ್ಟು, ಎದ್ದುಹೋಗಿ ಕಾಫಿ ಕೇಳಿದರು.

ಶುಕ್ರವಾರ ವಿಮರ್ಶೆ ಹೊರಬಂತು. ಕಟುವಾಗಿಯೇನೂ ಬರೆದಿರಲಿಲ್ಲ. ಪೆಟ್ಟಿಗೆಯ ಕೆಲಸ ಅಚ್ಚುಕಟ್ಟು, ದನಿ ಸ್ವಚ್ಛ, ಆದರೆ ಎಡಗಡೆ ಸೊರಗಿದೆ. ಗುಂಡಿಯಲ್ಲಿ ಉಳಿತಾಯ ಮಾಡಲು ಹೋಗಿ ಒಂದು ಒಳ್ಳೆಯ ಯಂತ್ರವನ್ನು ಕುಂಟು ಮಾಡಿದ್ದಾರೆ, ಕೊಳ್ಳಬೇಡಿ ಎಂದು ಮುಗಿಸಿದ್ದರು. ಮೂರು ದಿನದೊಳಗೆ ಅದನ್ನು ಸಾವಿರಾರು ಜನ ಓದಿದರು. ಮೊದಲೇ ಕೊಂಡಿದ್ದ ಕೆಲವರು ತಮಗೂ ಎಡಗಡೆ ಕಡಿಮೆಯೇ ಕೇಳುತ್ತಿದೆ ಎಂದು ಕೆಳಗೆ ಬರೆದರು.

ನಾಗಮಣಿ ಎರಡು ಇಮೇಲ್ ಕಳಿಸಿದಳು. ಶೆಡ್ಡಿನಲ್ಲಿದ್ದವುಗಳಲ್ಲಿ ಇಪ್ಪತ್ತು ಪೆಟ್ಟಿಗೆ ಅಳೆದಿದ್ದೇನೆ, ಎಲ್ಲದರಲ್ಲೂ ಎಡ ಬಲ ಸಮ ಇದೆ, ಇನ್ನೊಮ್ಮೆ ಕೇಳುವಿರಾ ಎಂದು ಬೇಡಿದ್ದಳು. ನನಗೆ ಕಳಿಸಿದ ಒಂದರಲ್ಲೇ ಕೊರತೆ ಇರಬಹುದು, ಆದರೆ ಕೇಳಿಸಿದ್ದನ್ನು ಕೇಳಿಸಲಿಲ್ಲ ಎಂದು ಬರೆಯಲಾರೆ ಎಂದು ಇವರು ಉತ್ತರ ಬರೆದರು. ಎರಡನೇ ವಾರ ರಿಚಿ ಸ್ಟ್ರೀಟಿನವರು ಮಾರದೆ ಉಳಿದ ನೂರ ಎಪ್ಪತ್ತನ್ನೂ ವಾಪಸು ಕಳಿಸಿದರು.

ಇಪ್ಪತ್ತೈದನೆಯ ದಿನ, ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ನಾಗಮಣಿಯೇ ಬಂದು ಬಾಗಿಲು ತಟ್ಟಿದಳು. ಹೆಗಲಿಗೆ ಲ್ಯಾಪ್‌ಟಾಪಿನ ಚೀಲ. ವೆಂಕಟಲಕ್ಷ್ಮಿ ಒಳಗೆ ಕರೆದು ಕೂರಿಸಿದರು. ಅವಳು ಅಳತೆಯ ಕಾಗದಗಳನ್ನು ಚೀಲದಿಂದ ತೆಗೆದಳು, ಆದರೆ ತೋರಿಸಲಿಲ್ಲ.

"ಸರ್, ನಾನು ಜಗಳಕ್ಕೆ ಬಂದಿಲ್ಲ. ಹೆಡ್‌ಫೋನು ಒಂದೇ ಒಂದು ಸಲ ತಿರುಗಿಸಿ ಹಾಕ್ಕೊಂಡು ಕೇಳಿ. ಆಗಲೂ ನೀವು ಬರೆದದ್ದೇ ಸರಿ ಅಂದ್ರೆ, ಪೆಟ್ಟಿಗೆ ತಗೊಂಡು ಹೊರಟುಹೋಗ್ತೀನಿ."

ವಿಷ್ಣುತೀರ್ಥರು ಮೇಜಿನ ಮುಂದೆ ಕುಳಿತರು. ಅದೇ ವೀಣೆ ಹಚ್ಚಿದರು. ಹೆಡ್‌ಫೋನನ್ನು ತಿರುಗಿಸಿ ಹಾಕಿಕೊಂಡರು. ಈಗ ತಂಬೂರಿ ಬಲಗಿವಿಗೆ ಬಂದಿತ್ತು, ಪೂರ್ತಿಯಾಗಿ, ತಂತಿ ತಂತಿಯೂ ಬಿಡಿಸಿಕೊಂಡು. ವೀಣೆ ಮಾತ್ರ ಕದಲಿರಲಿಲ್ಲ. ಬಲಕ್ಕೇ ಕೂತಿತ್ತು. ಅವರು ಕಣ್ಣು ಮುಚ್ಚಿ ಇಡೀ ಪಲ್ಲವಿ ಮುಗಿಯುವ ತನಕ ಕೇಳಿದರು. ಎಡಗಿವಿಗೆ ಬರುತ್ತಿದ್ದದ್ದು ಒಂದು ಗುಂಯ್ ಸದ್ದು, ಅದರ ಹಿಂದೆ ಎಲ್ಲೋ ಒಂದಿಷ್ಟು ನಾದ.

ಹೆಡ್‌ಫೋನು ತೆಗೆದಿಟ್ಟರು. ಏನಾಯಿತು ಎಂದು ವೆಂಕಟಲಕ್ಷ್ಮಿ ಕೇಳಿದರು. ಅವರು ಹೆಂಡತಿಯ ಕಡೆ ನೋಡಲಿಲ್ಲ.

"ನಿಮ್ಮ ಪೆಟ್ಟಿಗೆ ಸರಿಯಾಗಿದೆ ಅಮ್ಮಾ" ಎಂದರು. "ಅವತ್ತೇ ತಿರುಗಿಸಿ ನೋಡಬೇಕೂಂತ ಕೈಯಲ್ಲಿ ತಗೊಂಡಿದ್ದೆ. ನೋಡಲಿಲ್ಲ. ಮರೆತು ಅಲ್ಲ. ಒಂದು ವೇಳೆ ಕಿವಿಯದೇ ಆಗಿದ್ದರೆ ಅಂತ ಕೊಂಚ ಭಯ ಬಂತು. ಪೆಟ್ಟಿಗೇದು ಅಂತ ಬರೆಯೋದು ಸುಲಭವಾಗಿತ್ತು" ಎಂದರು.

ನಾಗಮಣಿ ಕೈಯಲ್ಲಿದ್ದ ಕಾಗದಗಳನ್ನು ಮಡಿಸಿ ಚೀಲಕ್ಕೆ ಹಾಕಿದಳು. ಅವಳು ಬೈದಿದ್ದರೆ ವಿಷ್ಣುತೀರ್ಥರಿಗೆ ಹಗುರವಾಗುತ್ತಿತ್ತೋ ಏನೋ. ಅವಳು ಕೇಳಿದ್ದು, ಎಷ್ಟು ದಿನದಿಂದ ಹೀಗಿದೆ ಎಂದು. ಹೇಳಿದರು.

"ಇವತ್ತೇ ಡಾಕ್ಟ್ರ ಹತ್ರ ಹೋಗಿ ಸರ್. ನಾಳೆಗೆ ಅಂತ ಇಟ್ಕೋಬೇಡಿ" ಎಂದು ಎದ್ದಳು. ವೆಂಕಟಲಕ್ಷ್ಮಿ ತಂದ ಕಾಫಿ ಅಲ್ಲೇ ಆರಿತು.

ಮಗಳು ರಂಜನಿ ಆಫೀಸಿಗೆ ಅರ್ಧ ದಿನ ರಜೆ ಹಾಕಿ ಪೋರೂರಿನ ಆಸ್ಪತ್ರೆಗೆ ಕರೆದೊಯ್ದಳು. ಮೊದಲೇ ಯಾಕೆ ಹೇಳಲಿಲ್ಲ ಎಂದು ದಾರಿಯುದ್ದಕ್ಕೂ ತಮಿಳಿನಲ್ಲಿ ಕೇಳುತ್ತಲೇ ಇದ್ದಳು. ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಒಂದೊಂದೇ ಸ್ವರ ಬಿಟ್ಟು, ಕೇಳಿದಾಗ ಗುಂಡಿ ಒತ್ತಿಸಿದರು. ಪರೀಕ್ಷೆಯ ನಕ್ಷೆಯಲ್ಲಿ ಬಲಗಿವಿಯ ಗೆರೆ ವಯಸ್ಸಿಗೆ ತಕ್ಕಂತೆ ಇತ್ತು. ಎಡಗಿವಿಯದು ನಡುವಿನಲ್ಲೇ ಕುಸಿದು ಕೆಳಕ್ಕೆ ಇಳಿದಿತ್ತು. ವೈದ್ಯೆ ನಿಧಾನವಾಗಿ ವಿವರಿಸಿದಳು. ನರ ಇದ್ದಕ್ಕಿದ್ದಂತೆ ಸೋತಿದೆ, ಕಾರಣ ಹೇಳುವುದು ಕಷ್ಟ. ಮೊದಲ ಎರಡು ವಾರದಲ್ಲಿ ಬಂದಿದ್ದರೆ ಔಷಧಿಯಿಂದ ಮರಳುವ ಸಾಧ್ಯತೆ ಹೆಚ್ಚು. ಈಗಲೂ ಕೊಡುತ್ತೇನೆ, ಬಹಳ ಆಸೆ ಇಟ್ಟುಕೊಳ್ಳಬೇಡಿ. ಮಾತ್ರೆ ಆಯಿತು, ಕಿವಿಯೊಳಗೆ ಮೂರು ಚುಚ್ಚುಮದ್ದೂ ಆಯಿತು. ಗೆರೆ ಮೇಲೇಳಲಿಲ್ಲ.

ಮೊದಲ ದಿನ ಆಸ್ಪತ್ರೆಯಿಂದ ಬಂದ ಸಂಜೆಯೇ ವಿಷ್ಣುತೀರ್ಥರು ಕಂಪ್ಯೂಟರಿನ ಮುಂದೆ ಕುಳಿತು ನಡೆದದ್ದನ್ನು ಒಂದೂ ಬಿಡದೆ ಬರೆದರು. ಹೆಡ್‌ಫೋನು ಕೈಯಲ್ಲಿ ಹಿಡಿದು ಕೆಳಗಿಟ್ಟದ್ದನ್ನೂ ಬರೆದರು. ಹಳೆಯ ವಿಮರ್ಶೆಯ ತಲೆಯ ಮೇಲೆ, ಇದು ತಪ್ಪು, ತಪ್ಪು ನನ್ನದು ಎಂದು ಹಾಕಿದರು. ಅದನ್ನು ಓದಿದವರು ಮೊದಲಿನ ಕಾಲು ಭಾಗವೂ ಇರಲಿಲ್ಲ. ಕೆಲವರು ಮರುಗಿದರು. ಕೆಲವರು, ಹಾಗಾದರೆ ಇಷ್ಟು ವರ್ಷ ಹೇಳಿದ್ದರಲ್ಲಿ ಎಷ್ಟು ನಂಬಬೇಕು ಎಂದರು. ಆ ಹೆಂಗಸು ಏನೋ ಕೊಟ್ಟು ಬರೆಸಿರಬೇಕು ಎಂದು ಒಬ್ಬ ಬರೆದ, ಅದಕ್ಕೆ ನೂರಾರು ಜನ ತಲೆದೂಗಿದರು. ವಿಷ್ಣುತೀರ್ಥರು ಅವನಿಗೆ ಉತ್ತರಿಸಲು ಎರಡು ಸಲ ಕೂತು, ಎರಡು ಸಲವೂ ಅಳಿಸಿದರು. ಆಮೇಲೆ ಏನನ್ನೂ ಬರೆಯಲಿಲ್ಲ.

ಅಕ್ಟೋಬರಿನಲ್ಲಿ ಪೆಟ್ಟಿಗೆಯನ್ನು ವಾಪಸು ಕೊಡಲು ಅವರೇ ಅಂಬತ್ತೂರಿಗೆ ಹೋದರು. ಕೊರಿಯರಿನಲ್ಲಿ ಕಳಿಸಬಹುದಿತ್ತು. ಕಾರ್ಖಾನೆಗಳ ಸಾಲಿನ ಹಿಂದೆ, ತಗಡಿನ ಚಾವಣಿಯ ಶೆಡ್ಡು. ಬಾಗಿಲು ತೆರೆದಿತ್ತು. ಒಳಗೆ ನೆಲದ ಮೇಲೆ ಪ್ಲಾಸ್ಟಿಕ್ ಚೀಲ ಹಾಸಿಕೊಂಡು ನಾಗಮಣಿಯೂ, ಅವಳ ಬಳಿ ಬೆಸುಗೆ ಕೆಲಸ ಮಾಡುತ್ತಿದ್ದ ಶಿವಲಿಂಗಮ್ಮನೂ ಕೂತು ಪೆಟ್ಟಿಗೆಗಳನ್ನು ಬಿಚ್ಚುತ್ತಿದ್ದರು. ನಾಲ್ಕು ತಿರುಪು ತೆಗೆದು, ಒಳಗಿನ ಹಸಿರು ಬೋರ್ಡು ಒಂದು ಮೂಟೆಗೆ, ಅಲ್ಯೂಮಿನಿಯಂ ಚಿಪ್ಪು ಇನ್ನೊಂದಕ್ಕೆ.

ವಿಷ್ಣುತೀರ್ಥರು ಬಾಗಿಲಲ್ಲೇ ನಿಂತರು. ನಾಗಮಣಿ ಎದ್ದು ಬಂದು ಸ್ಟೂಲು ಹಾಕಿದಳು. ಅವರ ತಪ್ಪೊಪ್ಪಿಗೆ ಓದಿ ಹನ್ನೊಂದು ಜನ ಅವಳಿಗೆ ಕಾಗದ ಬರೆದಿದ್ದರು, ಒಂಬತ್ತು ಜನ ಕೊಂಡರು. ಅಂಗಡಿಯವರು ಯಾರೂ ಮುಟ್ಟಲಿಲ್ಲ. ತಿಂಗಳ ಕೊನೆಗೆ ಶೆಡ್ಡು ಬಿಡಬೇಕು. ಅವಳು ಹಳೆಯ ಕಾರ್ಖಾನೆಗೇ, ಮೊದಲಿಗಿಂತ ಕೆಳಗಿನ ಹುದ್ದೆಗೆ ಮರಳಿದ್ದಳು. ಅವತ್ತು ವಾರದ ರಜೆ. ಇಡಲು ಜಾಗವಿಲ್ಲದ್ದರಿಂದ ಬಿಚ್ಚಿ ಗುಜರಿಗೆ ಹಾಕುತ್ತಿದ್ದಳು. ಇದನ್ನೆಲ್ಲ ಅವಳು ಕೆಲಸದ ವಿಷಯ ಹೇಳುವ ಹಾಗೆ ಹೇಳಿದಳು.

"ಎಲ್ಲವೂ ಒಳ್ಳೆಯವೇನಾ ಇವು?" ಎಂದು ವಿಷ್ಣುತೀರ್ಥರು ಕೇಳಿದರು.

"ಎಲ್ಲಾ ಒಳ್ಳೇವೇ ಸರ್. ಅಳೆದು ಅಳೆದು ಇಟ್ಟಿದ್ದು."

ಅವರು ಚಪ್ಪಲಿ ಬಿಟ್ಟು ಒಳಗೆ ಬಂದು, ಸ್ಟೂಲನ್ನು ಆಚೆ ಸರಿಸಿ, ನೆಲದ ಮೇಲೆ ಕೂತರು. ತಿರುಪುಳಿ ಕೊಡಿ ಎಂದರು. ಬೇಡ ಸರ್, ಕೈ ನೋಯುತ್ತೆ ಎಂದು ನಾಗಮಣಿ ಒಮ್ಮೆ ಹೇಳಿ, ಡಬ್ಬಿಯಿಂದ ಇನ್ನೊಂದನ್ನು ತೆಗೆದುಕೊಟ್ಟಳು. ಅವರು ಮೊದಲ ಪೆಟ್ಟಿಗೆಯನ್ನು ಬಿಚ್ಚಿದರು. ಒಳಗೆ ಬೆಸುಗೆಯ ಚುಕ್ಕೆಗಳು ಸಾಲಾಗಿ, ಒಂದೇ ಅಳತೆಯವಾಗಿ ಹೊಳೆಯುತ್ತಿದ್ದವು. ಯಾರ ಕೈಕೆಲಸ ಎಂದು ಕೇಳಿದರು. ಶಿವಲಿಂಗಮ್ಮ ಎಡಗಡೆ ಕೂತಿದ್ದಳು; ಅವಳು ಉತ್ತರ ಕೊಟ್ಟದ್ದು ಅವರಿಗೆ ಕೇಳಲಿಲ್ಲ. ಎರಡನೇ ಸಲ ಕೇಳಿದಾಗ ಅವಳು ತನ್ನ ಎದೆಯ ಮೇಲೆ ಕೈಯಿಟ್ಟು ತೋರಿಸಿದಳು. ತುಂಬಾ ಚೆನ್ನಾಗಿದೆ ಎಂದರು, ಆ ಬೋರ್ಡನ್ನು ಮೂಟೆಗೆ ಹಾಕುವ ಮೊದಲು ಬಹಳ ಹೊತ್ತು ಹಿಡಿದುಕೊಂಡಿದ್ದರು.

ಸಂಜೆ ಐದರ ಹೊತ್ತಿಗೆ ಅರ್ಧ ಮುಗಿದಿತ್ತು. ವಿಷ್ಣುತೀರ್ಥರ ಹೆಬ್ಬೆರಳಿನಲ್ಲಿ ಬೊಬ್ಬೆ ಎದ್ದಿತ್ತು. ನಾಗಮಣಿ ಮೂಟೆಗಳ ಬಾಯಿ ಕಟ್ಟಿ, ಬೀಗ ತೆಗೆದುಕೊಂಡು, ಅವರ ಬಲಗಡೆಗೆ ಬಂದು ನಿಂತಳು.

"ಮುಂದಿನ ಭಾನುವಾರ ಮಿಕ್ಕಿದ್ದು ಬಿಚ್ಚಬೇಕು" ಎಂದಳು. "ಬರಲೇಬೇಕು ಅಂತ ಇಲ್ಲ ಸರ್."

"ಬರ್ತೇನೆ" ಎಂದರು.

ಭಾನುವಾರ ಒಂಬತ್ತು ಗಂಟೆಗೇ ಬಂದರು. ಬರುವಾಗ ಮನೆಯಿಂದ ತಮ್ಮದೇ ತಿರುಪುಳಿ ತಂದಿದ್ದರು. ಮೂವರೂ ಕೂತು ಮಿಕ್ಕಿದ್ದನ್ನು ಬಿಚ್ಚಿದರು. ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿದು, ಗುಜರಿಯವನ ಗಾಡಿ ಬಂದು ಮೂಟೆಗಳನ್ನು ಒಯ್ದಿತು. ನಾಗಮಣಿ ಖಾಲಿ ಶೆಡ್ಡನ್ನು ಗುಡಿಸಲು ಪೊರಕೆ ಹಿಡಿದಳು, ವಿಷ್ಣುತೀರ್ಥರು ಬಾಗಿಲ ಬಳಿ ಬಿದ್ದಿದ್ದ ತಿರುಪುಗಳನ್ನು ಬಗ್ಗಿ ಒಂದೊಂದಾಗಿ ಆರಿಸತೊಡಗಿದರು.